ದಾವಣಗೆರೆ ಹಳೇ ಪೇಟೆಯ ಮೀನಂಗಡಿ: ಬೆಳಗ್ಗೆ ಹೋದರೆ ಸೈ
ಮಲ್ಪೆ ಬಂದರಿನಲ್ಲಿ ಸಂಜೆ ಲಾರಿಗೆ ಏರಿದ ಮೀನು ಬೆಳಗಾಗುವಷ್ಟರಲ್ಲಿ ಇಲ್ಲಿರುತ್ತದೆ. ಘಟ್ಟ ಹತ್ತಿ ಬಂದರೂ ಬಂಗುಡೆ ಗಟ್ಟಿಯಾಗೇ ಇದೆ. ಕಿಲೋ ಮೀನಿಗೆ ಕಿಲೋ ಪುಡಿ ಐಸ್, ಅದೂ ಪದರ ಪದರವಾಗಿ. ಕಿವಿರು ಎತ್ತಿ ತೋರಿಸಿ ಅಂದರೆ ಮುಖ ಸಿಂಡರಿಸುವುದಿಲ್ಲ: ಕೆಂಪಗಿದ್ದರೆ ತಗೊಳ್ಳಿ, ಕಂದಿದ್ದರೆ ಬಿಡಿ.

ಎಡವಟ್ಟಾಗುವುದು ಮಧ್ಯಾಹ್ನದ ಮೇಲೆ. ಕರಗಿದ ಐಸ್ ನೀರು ಬಸಿಯದೆ ಟ್ರೇಯಲ್ಲೇ ನಿಂತು, ಕೆಳಗಿನ ಮೀನಿನ ಹೊಟ್ಟೆ ಒಡೆಯುತ್ತದೆ. ಬಿಸಿಲು ತಗುಲಿದ ಬಂಗುಡೆಯಲ್ಲಿ ಹಿಸ್ಟಮಿನ್ ಅನ್ನೋ ವಿಷ ಹುಟ್ಟಿತೋ, ಎಷ್ಟು ಕುದಿಸಿದರೂ ಹೋಗದು. ತಿಂದವರ ಮೈ ಕೆಂಪಾಗಿ ತುರಿಸುತ್ತದೆ.

ಕ್ರಿಸ್‌ಮಸ್ ಹಿಂದಿನ ದಿನ ಅಂಜಲ್ ಮೀನು ಕೇಳುವವರು ಹೆಚ್ಚು, ದರವೂ ಹಾಗೇ. ಬೆರಳ ದಪ್ಪಕ್ಕೆ ಕೊಯ್ಯಿರಿ ಅಂತ ಮೊದಲೇ ಹೇಳಿ. ಸುಮ್ಮನಿದ್ದರೆ ತೆಳ್ಳಗೆ ಕೊಯ್ದು ಕೊಡುತ್ತಾರೆ, ಕಾವಲಿಯ ಮೇಲೆ ಮಗುಚುವಾಗ ಪುಡಿಪುಡಿ.