ಮನೆ ಕಂಪ್ಯೂಟರ್‌ಗೆ ವೈಟ್‌ಲಿಸ್ಟಿಂಗ್: ಮೂರರಲ್ಲಿ ನನ್ನ ಓಟು ಆಪ್‌ಲಾಕರ್‌ಗೆ

ನಮ್ಮ ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಅಪ್ಪ, ಮಗಳು, ನಾನು ಮೂವರೂ ಬಳಸುತ್ತೇವೆ. ಕೊರಿಯರ್ ಹೆಸರಿನ ಸುಳ್ಳು ಬಿಲ್ಲು, ಫ್ರೀ ಗೇಮಿನ ಸೆಟಪ್ ಫೈಲು ಎಲ್ಲಾ ಡೌನ್‌ಲೋಡ್ ಫೋಲ್ಡರ್‌ಗೆ ಬಂದು ಬೀಳುತ್ತವೆ. ಯಾರಾದರೂ ಕ್ಲಿಕ್ ಮಾಡಿದರೂ ಅವು ಓಡಬಾರದು. ಒಪ್ಪಿಗೆಯಿರುವ ಪ್ರೋಗ್ರಾಮ್‌ಗಳಷ್ಟೇ ಓಡಲಿ, ಉಳಿದದ್ದು ಬೇಡ ಎನ್ನುವುದೇ ವೈಟ್‌ಲಿಸ್ಟಿಂಗ್. ಅದಕ್ಕಾಗಿ ವೂಡೂಶೀಲ್ಡ್ ಎಂಬ ತಂತ್ರಾಂಶ, ವಿಂಡೋಸ್‌ನದ್ದೇ ಆದ ಸ್ಮಾರ್ಟ್ ಆಪ್ ಕಂಟ್ರೋಲ್, ಆಪ್‌ಲಾಕರ್ ಮೂರನ್ನೂ ಬಳಸಿ ನೋಡಿದೆ. ಉಳಿಸಿಕೊಂಡಿದ್ದು ಆಪ್‌ಲಾಕರ್.

ವೂಡೂಶೀಲ್ಡ್‌ಗೆ ಈಗ ಸೈಬರ್‌ಲಾಕ್ ಎಂದು ಹೆಸರು. ಹಾಕುವುದು ಸುಲಭ. ಬ್ರೌಸರ್ ತೆರೆದರೆ ತಾನೇ ಬೀಗ ಹಾಕಿಕೊಳ್ಳುತ್ತದೆ, ಹೊಸ ಪ್ರೋಗ್ರಾಮ್ ಬಂದರೆ ಬಿಡಲಾ ಎಂದು ಕೇಳುತ್ತದೆ. ಆದರೆ ಅಪ್ಪ ಬಿಡು ಎಂದೇ ಒತ್ತುತ್ತಾರೆ. ಅಲ್ಲಿಗೆ ಕಾವಲು ಮುಗಿಯಿತು ಅಲ್ವಾ?

ಸ್ಮಾರ್ಟ್ ಆಪ್ ಕಂಟ್ರೋಲ್ ವಿಂಡೋಸ್ 11ಕ್ಕೆ 2022ರಲ್ಲಿ ಬಂತು. ಖರ್ಚಿಲ್ಲ, ಪ್ರಶ್ನೆಯೂ ಇಲ್ಲ. ಫೈಲ್ ಎಂಥದ್ದೆಂದು ಮೈಕ್ರೋಸಾಫ್ಟ್‌ನ ಕ್ಲೌಡ್‌ನಲ್ಲಿ ನೋಡುತ್ತದೆ. ಅಲ್ಲಿ ತಿಳಿಯದಿದ್ದರೆ ಡಿಜಿಟಲ್ ಸಹಿ, ಅಂದರೆ ಫೈಲ್ ಯಾವ ಕಂಪನಿಯದ್ದೆಂಬ ಗುರುತು, ನೋಡುತ್ತದೆ. ಅದೂ ಇಲ್ಲದಿದ್ದರೆ ತಡೆಯುತ್ತದೆ. ಇದೊಂದನ್ನು ಮಾತ್ರ ಬಿಡು ಎನ್ನಲು ಅವಕಾಶವಿಲ್ಲ, ಇಡೀ ಕಾವಲನ್ನೇ ಆಫ್ ಮಾಡಬೇಕು. ನನ್ನ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶಕ್ಕೆ ಸಹಿಯಿಲ್ಲ. ಅದಿಲ್ಲದೆ ನನ್ನ ಕೆಲಸ ನಡೆಯುವುದಿಲ್ಲ.

ಆಪ್‌ಲಾಕರ್ 2009ರ ವಿಂಡೋಸ್ 7ರಿಂದಲೂ ಇದೆ. ಮೊದಲು ಎಂಟರ್‌ಪ್ರೈಸ್‌ನಂಥ ದುಬಾರಿ ಆವೃತ್ತಿಗಳಿಗಷ್ಟೇ ಇತ್ತು. ವಿಂಡೋಸ್ 11ರಲ್ಲಿ ಆ ಕಟ್ಟುಪಾಡಿಲ್ಲ. ಆದರೆ ಹೋಮ್ ಆವೃತ್ತಿಯಲ್ಲಿ ಆಜ್ಞೆಗಳನ್ನು ಟೈಪ್ ಮಾಡುವ ಪವರ್‌ಶೆಲ್‌ನಿಂದ ನಿಯಮ ಹಾಕಬೇಕು. ನನ್ನದು ಪ್ರೊ, ಹಾಗಾಗಿ ಸಲೀಸಾಯಿತು. ಡಿಫಾಲ್ಟ್ ನಿಯಮದಂತೆ ವಿಂಡೋಸ್ ಮತ್ತು ಪ್ರೋಗ್ರಾಮ್ ಫೈಲ್ಸ್ ಫೋಲ್ಡರ್‌ಗಳಲ್ಲಿ ಇರುವುದು ಓಡುತ್ತದೆ, ಉಳಿದದ್ದು ಇಲ್ಲ. ಪೂರ್ತಿ ಅಧಿಕಾರವಿರುವ ಅಡ್ಮಿನ್‌ಗೆ ಈ ತಡೆ ಇಲ್ಲ, ಆದ್ದರಿಂದ ನಾವೆಲ್ಲ ಅಷ್ಟು ಅಧಿಕಾರವಿಲ್ಲದ ಸ್ಟ್ಯಾಂಡರ್ಡ್ ಅಕೌಂಟ್‌ನಲ್ಲೇ ಇರುತ್ತೇವೆ. ನನ್ನ ಟೈಪಿಂಗ್ ತಂತ್ರಾಂಶ ಪ್ರೋಗ್ರಾಮ್ ಫೈಲ್ಸ್‌ನಲ್ಲಿದೆ. ಅದರ ತಂಟೆಗೆ ಆಪ್‌ಲಾಕರ್ ಬರಲಿಲ್ಲ.

ತಲೆನೋವಾಗಿದ್ದು ಮಗಳ ಆನ್‌ಲೈನ್ ಕ್ಲಾಸಿನ ಆಪ್. ಅದು ಪ್ರೋಗ್ರಾಮ್ ಫೈಲ್ಸ್‌ಗೆ ಹೋಗುವುದಿಲ್ಲ, ಅವಳ ಅಕೌಂಟಿನ ಆಪ್‌ಡೇಟಾ ಫೋಲ್ಡರ್‌ನಲ್ಲಿ ಕೂರುತ್ತದೆ. ಆ ಫೋಲ್ಡರ್‌ಗೇ ಅನುಮತಿ ಕೊಡೋಣ ಎಂದರೆ ಮಾಲ್‌ವೇರ್ ಅಡಗುವುದೂ ಅಲ್ಲೇ ಜಾಸ್ತಿ. ಹ್ಯಾಶ್ ನಿಯಮ ಹಾಕಿದೆ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದಂತೆ. ಅದು ಆ ಒಂದು ಫೈಲನ್ನು ಮಾತ್ರ ಗುರುತಿಡುತ್ತದೆ. ಆಪ್ ಅಪ್‌ಡೇಟ್ ಆದರೆ ಹ್ಯಾಶ್ ಬದಲಾಗುತ್ತದೆ, ಮತ್ತೆ ತಡೆ ಬೀಳುತ್ತದೆ. ಅದೂ ಕ್ಲಾಸ್ ಶುರುವಾಗುವ ಹೊತ್ತಿಗೇ. ಅವಳು ಅಳುಮುಖ ಮಾಡಿಕೊಂಡು ಕೂರುವುದು, ನಾನು ಅಡ್ಮಿನ್‌ನಲ್ಲಿ ಹೊಸ ನಿಯಮ ಬರೆಯುವುದು.

ಪಬ್ಲಿಷರ್ ನಿಯಮ ಹಾಕಿದ ಮೇಲೆ ಕಾಟ ತಪ್ಪಿತು. ಈ ಕಂಪನಿಯ ಸಹಿ ಇರುವ ಈ ಆಪ್ ಯಾವ ಆವೃತ್ತಿಯದ್ದಾದರೂ ಓಡಲಿ ಎಂದು ಹೇಳುವ ನಿಯಮ ಅದು. ಅಪ್‌ಡೇಟ್ ಬಂದರೂ ಕೆಡುವುದಿಲ್ಲ.

ಒಬ್ಬರೇ ಇದ್ದು, ಹೊಸ ಪ್ರೋಗ್ರಾಮ್‌ಗಳನ್ನು ಹಾಕಿ ನೋಡುವ ರೂಢಿಯಿದ್ದರೆ ವೂಡೂಶೀಲ್ಡ್ ಸಾಕು. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರ್‌ಗೆ ಪ್ರಶ್ನೆಯನ್ನೇ ಕೇಳದ ಆಪ್‌ಲಾಕರ್ ಒಳ್ಳೆಯದು. ಮೊದಲು ಆಡಿಟ್ ಮೋಡ್‌ನಲ್ಲಿಡಿ, ಆಗ ಅದು ಏನನ್ನೂ ತಡೆಯದೆ ಬರೆದಿಡುತ್ತದಷ್ಟೇ. ಯಾವುದಕ್ಕೆ ತಡೆ ಬೀಳುತ್ತಿತ್ತು ಎಂಬುದು ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ 8003 ಎಂಬ ನಂಬರ್‌ನಡಿ ಕಾಣುತ್ತದೆ. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದ ಆಪ್‌ಗಳಿಗೆ ಬೇರೆಯೇ ನಿಯಮ ಬೇಕು, ಮರೆಯಬೇಡಿ.