ಕನ್ನಡ ಬರೆಯಲು ವಿಮ್: ಕಲಬುರಗಿಯ ಬಳಕೆದಾರನೊಬ್ಬನ ವಿಮರ್ಶೆ

ಟರ್ಮಿನಲ್‌ನಲ್ಲಿ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಓಡುವ ವಿಮ್ ಎಡಿಟರ್‌ನಲ್ಲಿ ಕನ್ನಡ ಬರೆಯಬಹುದಾ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಹೌದು. ಐದಾರು ವರ್ಷದಿಂದ ದಿನಾ ಬರೆಯುತ್ತಿದ್ದೇನೆ. ಆದರೆ ಇನ್‌ಸ್ಟಾಲ್ ಮಾಡಿದ ತಕ್ಷಣ ಸಿಗುವ ವಿಮ್ ಕನ್ನಡಕ್ಕೆ ಒಗ್ಗುವುದಿಲ್ಲ. ಕೆಲವು ಸೆಟ್ಟಿಂಗ್ ಬದಲಿಸಿದರೆ ಒಗ್ಗುತ್ತದೆ. ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಈ ಸೆಟ್ಟಿಂಗ್‌ಗಳು ಬೇಕಾಗುವುದೇ ಇಲ್ಲ, ಹಾಗಾಗಿ ಅವುಗಳ ಮಾತು ಕಡಿಮೆ. ಇಲ್ಲಿ ಹೆಚ್ಚಾಗಿ ಅವುಗಳ ಬಗ್ಗೆಯೇ ಬರೆಯುತ್ತೇನೆ. 5ಕ್ಕೆ 4 ಅಂಕ ಕೊಡುತ್ತೇನೆ. ಉಳಿದ ಒಂದು ಅಂಕ ಎಲ್ಲಿ ಹೋಯಿತು ಅಂತ ಮುಂದೆ ಹೇಳುತ್ತೇನೆ.

ಹಗಲು ಹೊತ್ತು ನನ್ನದು ಕಲಬುರಗಿಯ ಮನೆಯಿಂದಲೇ ಬೇರೆ ಊರಿನ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ. ಸಂಜೆ ತತ್ವಪದಗಳ ನೋಟ್‌ಬುಕ್‌ಗಳನ್ನು ಕಂಪ್ಯೂಟರಿಗೆ ಇಳಿಸುತ್ತೇನೆ. ಜೇವರ್ಗಿ, ಆಳಂದ, ಚಿತ್ತಾಪುರ ಕಡೆಯ ಭಜನೆ ಮಂಡಳಿಗಳ ಹಿರಿಯರ ಬಳಿ ಇಂಥ ನೋಟ್‌ಬುಕ್ ಇನ್ನೂ ಇವೆ. ಅಂಚು ಹರಿದಿದೆ, ಶಾಯಿ ಹರಡಿದೆ. ಕಾಗುಣಿತ ನಿಘಂಟಿನದಲ್ಲ, ಹಾಡುವಾಗ ಬಾಯಿಗೆ ಬಂದದ್ದು. ಅದನ್ನು ಹಾಗೇ ಉಳಿಸಬೇಕು. ಮೊಬೈಲಿನಲ್ಲಿ ಟೈಪ್ ಮಾಡಿದರೆ ಕೀಬೋರ್ಡೇ ಶಬ್ದ ತಿದ್ದಿಬಿಡುತ್ತದೆ. ಬರೆದವರ ದನಿ ಅಲ್ಲೇ ಹೋಯಿತು. ವಿಮ್ ತಾನಾಗಿ ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ. ಒಂದು ಹಾಡಿಗೆ ಒಂದು ಸಾದಾ ಟೆಕ್ಸ್ಟ್ ಫೈಲ್, ಅಷ್ಟೇ. ನಾನು ಇದಕ್ಕೆ ಅಂಟಿಕೊಂಡಿರುವುದು ಮುಖ್ಯವಾಗಿ ಈ ಕಾರಣಕ್ಕೆ.

ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ನೀವು ಹಾಕುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ. ಎಲ್ಲವೂ ಹೋಮ್ ಫೋಲ್ಡರ್‌ನಲ್ಲಿರುವ ವಿಮ್‌ಆರ್‌ಸಿ ಎಂಬ ಒಂದೇ ಫೈಲಿಗೆ ಹೋಗುತ್ತವೆ. ಹೆಸರು ಒಂದು ಚುಕ್ಕಿಯಿಂದ ಶುರುವಾಗಬೇಕು.

ಈ ಫೈಲ್ ಮಾಡುವ ಮೊದಲು ಒಂದು ಮಾತು. 2016ರಲ್ಲಿ ಬಂದ 8ನೇ ಆವೃತ್ತಿಯಿಂದ, ನಿಮ್ಮದು ಅಂತ ವಿಮ್‌ಆರ್‌ಸಿ ಇಲ್ಲದಿದ್ದರೆ ವಿಮ್ ತನ್ನ ಡಿಫಾಲ್ಟ್ಸ್ ಫೈಲನ್ನು ತಾನೇ ಓದಿಕೊಳ್ಳುತ್ತದೆ. ಕೋಡಿಗೆ ಬಣ್ಣ ಬರುವುದು, ಹುಡುಕುವಾಗ ಟೈಪ್ ಮಾಡುತ್ತಿದ್ದಂತೆ ಕಾಣಿಸುವುದು, ಇವೆಲ್ಲ ಅಲ್ಲಿಂದ ಬಂದದ್ದು. ನೀವು ಒಂದು ಸಾಲಿನ ವಿಮ್‌ಆರ್‌ಸಿ ಬರೆದರೂ ಸಾಕು, ಡಿಫಾಲ್ಟ್ಸ್ ಫೈಲನ್ನು ಓದುವುದು ನಿಲ್ಲುತ್ತದೆ. ಬಣ್ಣ ಎಲ್ಲಿ ಹೋಯಿತು ಅಂತ ಜನ ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಮೊದಲ ಸಾಲಿನಲ್ಲೇ ಸೋರ್ಸ್ ಆದೇಶ ಕೊಟ್ಟು ಆ ಡಿಫಾಲ್ಟ್ಸ್ ಫೈಲನ್ನು ಕರೆದುಕೊಳ್ಳಿ. ಆಮೇಲೆ ನಿಮ್ಮ ಸಾಲುಗಳು.

ಈಗ ಕನ್ನಡದ ವಿಷಯ. ವಿಮ್‌ನಲ್ಲಿ ಬರೆಯುವ ಸ್ಥಿತಿ ಬೇರೆ, ಆದೇಶ ಕೊಡುವ ಸ್ಥಿತಿ ಬೇರೆ ಅಲ್ವಾ? ಆದೇಶದ ಸ್ಥಿತಿಯಲ್ಲಿ ಜೆ ಒತ್ತಿದರೆ ಕೆಳಗಿನ ಸಾಲು, ಕೆ ಒತ್ತಿದರೆ ಮೇಲಿನ ಸಾಲು. ಕಂಪ್ಯೂಟರಿನ ಕೀಬೋರ್ಡನ್ನೇ ಕನ್ನಡಕ್ಕೆ ಬದಲಿಸಿಕೊಂಡರೆ ಇಲ್ಲಿ ತೊಂದರೆ ಶುರು. ಇನ್‌ಸ್ಕ್ರಿಪ್ಟ್ ಎಂಬ ಕೀಬೋರ್ಡ್ ವಿನ್ಯಾಸದಲ್ಲಿ ಜೆ ಅಂದರೆ ರ, ಕೆ ಅಂದರೆ ಕ. ವಿಮ್‌ಗೆ ರ ಎಂಬ ಆದೇಶ ಗೊತ್ತಿಲ್ಲ, ಸುಮ್ನೆ ಬೀಪ್ ಅನ್ನುತ್ತದೆ. ಪ್ರತಿ ಸಲ ಕೀಬೋರ್ಡ್ ಇಂಗ್ಲಿಷಿಗೆ ಬದಲಿಸು, ಮತ್ತೆ ಕನ್ನಡಕ್ಕೆ ಬದಲಿಸು. ಹೀಗೆ ಒಂದು ಹಾಡು ಟೈಪ್ ಮಾಡುವಷ್ಟರಲ್ಲಿ ಸಾಕಾಗಿಹೋಗುತ್ತದೆ. ವಿಮ್ ಕನ್ನಡಕ್ಕೆ ಆಗಲ್ಲ ಅಂತ ಬಿಟ್ಟವರಲ್ಲಿ ನನಗೆ ಗೊತ್ತಿರುವವರೆಲ್ಲ ಇಲ್ಲೇ ಬಿಟ್ಟವರು.

ಇದಕ್ಕೆ ಪರಿಹಾರ ವಿಮ್ ಒಳಗೇ ಇದೆ. ಅದರ ಹೆಸರು ಕೀಮ್ಯಾಪ್. ಕಂಪ್ಯೂಟರಿನ ಕೀಬೋರ್ಡ್ ಇಂಗ್ಲಿಷಿನಲ್ಲೇ ಇರಲಿ. ಯಾವ ಕೀಗೆ ಯಾವ ಕನ್ನಡ ಅಕ್ಷರ ಅನ್ನುವುದನ್ನು ವಿಮ್‌ಗೆ ಮಾತ್ರ ಹೇಳಿಕೊಡಬೇಕು. ಆಗ ಬರೆಯುವಾಗ ಕನ್ನಡ ಬರುತ್ತದೆ, ಎಸ್ಕೇಪ್ ಒತ್ತಿದ ಕೂಡಲೇ ಎಲ್ಲ ಕೀಗಳೂ ಮತ್ತೆ ಆದೇಶಗಳಾಗುತ್ತವೆ. ಬರೆಯುವಾಗ ನಡುವೆ ಇಂಗ್ಲಿಷ್ ಬೇಕಾದರೆ ಕಂಟ್ರೋಲ್ ಹಿಡಿದು 6 ಒತ್ತಿದರೆ ಸಾಕು. ಅಷ್ಟೇ ಅಲ್ಲ, ಸಾಲಿನಲ್ಲಿ ಒಂದು ಅಕ್ಷರಕ್ಕೆ ಹಾರಲು ಎಫ್ ಒತ್ತುತ್ತೇವಲ್ಲ, ಅದರ ಮುಂದಿನ ಅಕ್ಷರವನ್ನೂ ಕನ್ನಡದಲ್ಲೇ ತೆಗೆದುಕೊಳ್ಳುತ್ತದೆ. ಇದನ್ನು ಯೋಚಿಸಿ ಮಾಡಿದವರಿಗೆ ನಿಜಕ್ಕೂ ಕೈ ಮುಗಿಯಬೇಕು.

ನನ್ನ ಕೀಮ್ಯಾಪ್ ಫೈಲನ್ನು ನಾನೇ ಬರೆದುಕೊಂಡೆ. ಕಷ್ಟ ಏನಿಲ್ಲ. ವಿಮ್ ಫೋಲ್ಡರ್ ಒಳಗೆ ಕೀಮ್ಯಾಪ್ ಅಂತ ಒಂದು ಫೋಲ್ಡರ್, ಅದರಲ್ಲಿ ಕನ್ನಡದ ಹೆಸರಿನ ಒಂದು ಫೈಲ್. ಮೇಲೆ ಲೋಡ್‌ಕೀಮ್ಯಾಪ್ ಎಂಬ ಸಾಲು. ಅದರ ಕೆಳಗೆ ಸಾಲಿಗೊಂದು ಜೋಡಿ: ಎಡಕ್ಕೆ ಕೀ, ಬಲಕ್ಕೆ ಅಕ್ಷರ. ನಾನು ಇನ್‌ಸ್ಕ್ರಿಪ್ಟ್ ಆರಿಸಿಕೊಂಡದ್ದು ಬೇಕೆಂದೇ. ಅದರಲ್ಲಿ ಸ್ವರಕ್ಕೆ ಒಂದು ಕೀ, ಸ್ವರಚಿಹ್ನೆಗೆ ಬೇರೆ ಕೀ. ಹೀಗಾಗಿ ಕೀ ಒತ್ತಿದ ಕೂಡಲೇ ಅಕ್ಷರ ಬೀಳುತ್ತದೆ. ನುಡಿ ತಂತ್ರಾಂಶದ ಕೀಬೋರ್ಡ್ ಅಭ್ಯಾಸ ಇರುವವರಿಗೆ ಕೆ, ಐ ಸೇರಿ ಕಿ ಆಗಬೇಕು, ಐ ಒಂಟಿಯಾಗಿದ್ದರೆ ಇ ಆಗಬೇಕು. ಇದಕ್ಕೆ ಜೋಡಿ ಕೀಗಳ ಉದ್ದ ಪಟ್ಟಿ ಬೇಕು. ಜೊತೆಗೆ, ಕೆ ಒತ್ತಿದ ಮೇಲೆ ಮುಂದೇನು ಬರುತ್ತದೋ ಅಂತ ವಿಮ್ ಒಂದು ಸೆಕೆಂಡ್ ಕಾಯುತ್ತದೆ. ಕಾಯುವ ಸಮಯವನ್ನು ಟೈಮ್‌ಔಟ್‌ಲೆನ್ ಸೆಟ್ಟಿಂಗ್‌ನಲ್ಲಿ ಕಡಿಮೆ ಮಾಡಬಹುದು.

ಇನ್‌ಸ್ಕ್ರಿಪ್ಟ್ ಫೈಲ್ ಬರೆಯುವವರು ಠ ಅಕ್ಷರದ ಮೇಲೆ ಒಂದು ಕಣ್ಣಿಡಿ. ಅದು ಇರುವುದು ಜೋಡಿ ಉದ್ಧರಣ ಚಿಹ್ನೆಯ ಕೀಯಲ್ಲಿ. ಆ ಚಿಹ್ನೆಯಿಂದ ಶುರುವಾಗುವ ಸಾಲನ್ನು ವಿಮ್ ಟಿಪ್ಪಣಿ ಅಂತ ತಿಳಿದು ಬಿಟ್ಟುಬಿಡುತ್ತದೆ. ಎಷ್ಟು ಒತ್ತಿದರೂ ಠ ಬರುವುದಿಲ್ಲ. ಚಿಹ್ನೆಯ ಬದಲು ಕೋನಾವರಣದಲ್ಲಿ ಚಾರ್, ಅಡ್ಡಗೆರೆ, 34 ಅಂತ ಬರೆದರೆ ಬರುತ್ತದೆ. ಇನ್ನೊಂದು, ಕೀಮ್ಯಾಪ್ ಹಾಕಿದ ಕೂಡಲೇ ಫೈಲ್ ಕನ್ನಡದಲ್ಲೇ ಶುರುವಾಗುತ್ತದೆ. ಸರ್ವರ್ ಕೆಲಸವೂ ಇದೇ ಎಡಿಟರ್‌ನಲ್ಲಿ ಆಗಬೇಕಲ್ಲ, ಅದಕ್ಕೆ ಇಂಗ್ಲಿಷಿನಲ್ಲೇ ಶುರುವಾಗಲಿ ಅಂತ ಐಎಮ್‌ಇನ್ಸರ್ಟ್ ಅನ್ನು 0 ಮಾಡಿದ್ದೇನೆ.

ಎರಡನೆಯದು ಡೆಲ್‌ಕಂಬೈನ್. ನನ್ನ ಮಟ್ಟಿಗೆ ಇಡೀ ಫೈಲಿನಲ್ಲಿ ಬೆಲೆಬಾಳುವ ಸಾಲು ಇದು. ಅಜ್ಜಾರೊಬ್ಬರು ನೋಟ್‌ಬುಕ್ ನೋಡಿ ಹಾಡುತ್ತಾರೆ, ನಾನು ಟೈಪ್ ಮಾಡುತ್ತೇನೆ. ನಡುವೆ ನಿಲ್ಲಿಸಿ ಹೇಳುತ್ತಾರೆ: "ತಮ್ಮಾ, ಅಲ್ಲಿ ದೀರ್ಘ ಇಲ್ಲ ನೋಡು, ಗಿಡ್ಡ ಅದ." ಆಗ, ಉದಾಹರಣೆಗೆ, ದೀರ್ಘದ ಕೀ ಅಕ್ಷರವನ್ನು ಗಿಡ್ಡ ಕಿ ಮಾಡಬೇಕು. ಸಾಮಾನ್ಯವಾಗಿ ವಿಮ್‌ನಲ್ಲಿ ಎಕ್ಸ್ ಒತ್ತಿದರೆ ವ್ಯಂಜನ, ಅದರ ಚಿಹ್ನೆ ಎರಡೂ ಒಟ್ಟಿಗೆ ಅಳಿಸಿಹೋಗುತ್ತವೆ. ಡೆಲ್‌ಕಂಬೈನ್ ಹಾಕಿದ್ದರೆ ದೀರ್ಘದ ಚಿಹ್ನೆ ಮಾತ್ರ ಹೋಗಿ ಕ ಉಳಿಯುತ್ತದೆ. ಹಿಂದಿನಿಂದ ಅಳಿಸುವ ಬ್ಯಾಕ್‌ಸ್ಪೇಸ್ ಕೂಡ ಹೀಗೇ ನಡೆಯುತ್ತದೆ. ಕಾಗುಣಿತ ತಿದ್ದುವವರಿಗೆ ಇದು ಎಷ್ಟು ಸುಖ ಅಂತ ಬಳಸಿದವರಿಗೇ ಗೊತ್ತು.

ಮ್ಯಾಕ್ಸ್‌ಕಂಬೈನ್ ಚಿಕ್ಕ ವಿಷಯ. ಒಂದು ಅಕ್ಷರಕ್ಕೆ ಅಂಟಿದ ಚಿಹ್ನೆಗಳಲ್ಲಿ ಎಷ್ಟನ್ನು ತೆರೆಯ ಮೇಲೆ ತೋರಿಸಬೇಕು ಅನ್ನುವ ಲೆಕ್ಕ. ಮೊದಲಿಗೆ 2 ಇರುತ್ತದೆ, 6ರವರೆಗೆ ಏರಿಸಬಹುದು. ಬೇರೆಡೆಯಿಂದ ಬಂದ ಕೆಲವು ಫೈಲುಗಳಲ್ಲಿ ಓಕಾರದ ಚಿಹ್ನೆಯನ್ನು ಮೂರು ತುಂಡಾಗಿ ಇಟ್ಟಿರುತ್ತಾರೆ. ಅದರ ಮೇಲೆ ಸೊನ್ನೆ ಬಂದರೆ ನಾಲ್ಕು. 2 ಇದ್ದರೆ ಉಳಿದವು ಕಾಣುವುದಿಲ್ಲ. ಫೈಲಿಗೆ ಏನೂ ಆಗಿರುವುದಿಲ್ಲ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. 6 ಮಾಡಿ ಮರೆತುಬಿಡಿ.

ಹುಡುಕುವ ವಿಷಯದಲ್ಲಿ ವಿಮ್ ಮಾಡುವ ಒಂದು ಕೆಲಸ ಕನ್ನಡಕ್ಕೇ ಮಾಡಿದಂತಿದೆ. ಹುಡುಕುವ ಶಬ್ದದ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಹಾಕಿ ಇಂಗ್ಲಿಷಿನ ದೊಡ್ಡಕ್ಷರದ ಜೆಡ್ ಸೇರಿಸಿ. ಆಗ ವಿಮ್ ಸ್ವರಚಿಹ್ನೆ, ಸೊನ್ನೆ, ಅರ್ಧಾಕ್ಷರ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಮೂಲ ಅಕ್ಷರ ಮಾತ್ರ ಹೋಲಿಸುತ್ತದೆ. ನಮ್ಮ ಊರನ್ನೇ ನೋಡಿ. ಕೆಲವರು ಕಲಬುರಗಿ ಅಂತ ಬರೆಯುತ್ತಾರೆ, ಕೆಲವರು ಕಲಬುರ್ಗಿ. ಎರಡರಲ್ಲೂ ಮೂಲ ಅಕ್ಷರ ಕ, ಲ, ಬ, ರ, ಗ. ಹೀಗೆ ಹುಡುಕಿದರೆ ಎರಡೂ ಸಿಗುತ್ತವೆ. ನೋಟ್‌ಬುಕ್‌ಗಳಲ್ಲಿ ಒಂದೇ ಶಬ್ದ ಒಂದು ಕಡೆ ಗುರು, ಇನ್ನೊಂದು ಕಡೆ ಗುರೂ. ಒಬ್ಬರ ನೋಟ್‌ಬುಕ್‌ನಲ್ಲಿ ಎಕಾರ ಇದ್ದಲ್ಲಿ ಇನ್ನೊಬ್ಬರದರಲ್ಲಿ ಇಕಾರ. ಒಂದೇ ಹಾಡು ಎರಡು ಊರಲ್ಲಿ ಸಿಕ್ಕಿದೆಯಾ ಅಂತ ಪತ್ತೆ ಮಾಡಲು ನಾನು ಮೊದಲು ಮಾಡುವ ಕೆಲಸ ಇದು. ಒಮ್ಮೊಮ್ಮೆ ಸಂಬಂಧವೇ ಇಲ್ಲದ ಶಬ್ದಗಳೂ ಬರುತ್ತವೆ, ಅದಕ್ಕೆ ಶಬ್ದ ಸ್ವಲ್ಪ ಉದ್ದ ಇದ್ದಷ್ಟು ಒಳ್ಳೆಯದು. ಸ, ಶ ಅದಲುಬದಲಾಗಿದ್ದರೆ ಮಾತ್ರ ಇದು ಹಿಡಿಯುವುದಿಲ್ಲ, ಯಾಕಂದರೆ ಮೂಲ ಅಕ್ಷರವೇ ಬೇರೆ.

ಕಣ್ಣಿಗೆ ಕಾಣದ ಅಕ್ಷರಗಳನ್ನು ವಿಮ್ ಬಯಲಿಗೆ ತರುತ್ತದೆ. ಸಾಫ್ಟ್‌ವೇರ್ ಎಂಬ ಶಬ್ದದಲ್ಲಿ ಟ ಕೆಳಗೆ ವ ಒತ್ತಾಗದಂತೆ ತಡೆಯಲು ನಡುವೆ ಒಂದು ಅಗೋಚರ ಅಕ್ಷರ ಇರುತ್ತದೆ. ಬೇರೆ ಎಡಿಟರ್‌ಗಳಲ್ಲಿ ಅದು ಇದೆಯೋ ಇಲ್ಲವೋ ಗೊತ್ತಾಗದು. ವಿಮ್ ಅಲ್ಲಿ ಕೋನಾವರಣದಲ್ಲಿ 200ಸಿ ಅಂತ ತೋರಿಸುತ್ತದೆ. ಓದಲು ಚೆಂದ ಕಾಣುವುದಿಲ್ಲ, ನಿಜ. ಆದರೆ ಬೇಡದ ಕಡೆ ಅಂಟಿಕೊಂಡದ್ದನ್ನು ತೆಗೆಯಲು ಇದಕ್ಕಿಂತ ಒಳ್ಳೆ ದಾರಿ ನನಗೆ ಸಿಕ್ಕಿಲ್ಲ. ಅಕ್ಷರದ ಮೇಲೆ ನಿಂತು ಜಿ, ಎ ಒತ್ತಿದರೆ ಅದರ ಯೂನಿಕೋಡ್ ಸಂಖ್ಯೆ, ಅಂಟಿದ ಚಿಹ್ನೆಗಳ ಸಂಖ್ಯೆ ಎಲ್ಲ ಕೆಳಗೆ ಬರುತ್ತವೆ.

ಇನ್ನು ಕರೆಂಟು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಜೆ ಗಾಳಿ ಎದ್ದರೆ ಕರೆಂಟು ಹೋಗುತ್ತದೆ. ನನ್ನದು ಹಳೆ ಡೆಸ್ಕ್‌ಟಾಪ್, ಯುಪಿಎಸ್ ಬ್ಯಾಟರಿ ನಂಬುವಂತಿಲ್ಲ. ವಿಮ್ 200 ಅಕ್ಷರ ಟೈಪ್ ಮಾಡಿದ ಮೇಲೆ, ಇಲ್ಲವೇ 4 ಸೆಕೆಂಡ್ ಕೈ ನಿಂತರೆ, ಸ್ವಾಪ್ ಎಂಬ ತಾತ್ಕಾಲಿಕ ಫೈಲಿಗೆ ಬರೆದಿಡುತ್ತದೆ. ಕರೆಂಟು ಬಂದ ಮೇಲೆ ಅದೇ ಫೈಲ್ ತೆರೆದರೆ ಎಚ್ಚರಿಕೆ ಕೊಟ್ಟು, ರಿಕವರ್ ಮಾಡಲಾ ಅಂತ ಕೇಳುತ್ತದೆ. ಆರ್ ಒತ್ತಿ, ಬಂದದ್ದನ್ನು ನೋಡಿ ಸೇವ್ ಮಾಡಿ, ಆಮೇಲೆ ಹಳೆ ಸ್ವಾಪ್ ಫೈಲ್ ಅಳಿಸಿ. ಆ 4 ಸೆಕೆಂಡ್ ಕಾಯುವ ಲೆಕ್ಕ ಇರುವುದು ಅಪ್‌ಡೇಟ್‌ಟೈಮ್‌ನಲ್ಲಿ, ನಾನು ಅದನ್ನು 1000 ಮಾಡಿದ್ದೇನೆ, ಅಂದರೆ ಒಂದು ಸೆಕೆಂಡ್. ಇದರ ಜೊತೆ ಅನ್‌ಡೂಫೈಲ್ ಕೂಡ ಹಾಕಿ. ಫೈಲ್ ಮುಚ್ಚಿ ಮರುದಿನ ತೆರೆದರೂ ಹಿಂದಿನ ಬದಲಾವಣೆಗಳನ್ನು ವಾಪಸ್ ಮಾಡಬಹುದು. ಅರ್ಲಿಯರ್ ಆದೇಶಕ್ಕೆ 1ಡಿ ಅಂತ ಕೊಟ್ಟರೆ ಒಂದು ದಿನ ಹಿಂದಿನ ರೂಪ ಬರುತ್ತದೆ. ಇವುಗಳನ್ನು ಇಡಲು ಅನ್‌ಡೂಡಿರ್‌ನಲ್ಲಿ ಹೇಳಿದ ಫೋಲ್ಡರನ್ನು ನೀವೇ ಮೊದಲು ಮಾಡಿಡಬೇಕು. ಇಲ್ಲದಿದ್ದರೆ ವಿಮ್ ಏನೂ ಹೇಳದೆ ಸುಮ್ಮನಿರುತ್ತದೆ, ಅನ್‌ಡೂ ಉಳಿಯುವುದಿಲ್ಲ.

ಕಳೆದ ಆ ಒಂದು ಅಂಕದ ಮಾತು. ಟರ್ಮಿನಲ್ ತೆರೆಯನ್ನು ಒಂದೇ ಅಳತೆಯ ಚೌಕಗಳಾಗಿ ನೋಡುತ್ತದೆ. ಕನ್ನಡದ ಒತ್ತಕ್ಷರ ಆ ಚೌಕಕ್ಕೆ ಕೂರುವುದಿಲ್ಲ. ವಿಮ್ ಕೂಡ ಸ್ತ್ರೀ ಎಂಬುದನ್ನು ಒಂದು ಅಕ್ಷರ ಅಂತ ತಿಳಿಯದೆ ಸ್, ತ್, ರೀ ಅಂತ ಮೂರಾಗಿ ಎಣಿಸುತ್ತದೆ. ಕೆಲವು ಟರ್ಮಿನಲ್‌ಗಳಲ್ಲಿ ಒತ್ತು ಪಕ್ಕಕ್ಕೆ ಸರಿಯುತ್ತದೆ, ಕೆಲವದರಲ್ಲಿ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ, ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಗುಬ್ಬಿ, ನವಿಲು, ನೋಟೋ ಮೂರೂ ಫಾಂಟ್ ಹಾಕಿ ನೋಡಿದೆ, ಟರ್ಮಿನಲ್‌ಗಳನ್ನೂ ಬದಲಿಸಿದೆ. ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಸರಿಹೋಗುವುದಿಲ್ಲ. ವಿಮ್‌ಆರ್‌ಸಿಯಲ್ಲಿ ಇದಕ್ಕೆ ಮದ್ದಿಲ್ಲ. ನಾನು ಟೈಪ್ ಮಾಡುವುದು ವಿಮ್‌ನಲ್ಲಿ, ಕೊನೆಯ ಓದು ಬ್ರೌಸರ್‌ನಲ್ಲಿ. ನೋಡಲು ಅಚ್ಚುಕಟ್ಟಾಗಿಯೇ ಇರಬೇಕು ಅನ್ನುವವರಿಗೆ ಇದು ಬೇಸರ ತರಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಸರ್ವರ್ ಕೆಲಸಕ್ಕೆ ಇದೇ ವಿಮ್‌ಆರ್‌ಸಿ ಒಯ್ಯುವವರು ಗಮನಿಸಿ: ಕೆಲವು ಲಿನಕ್ಸ್‌ಗಳಲ್ಲಿ ಮೊದಲಿಗೆ ಇರುವುದು ವಿಮ್‌ನ ಚಿಕ್ಕ ರೂಪ. ಎಲ್ಲ ಸೌಲಭ್ಯ ಅದರಲ್ಲಿ ಇರುವುದಿಲ್ಲ, ತೆರೆದ ಕೂಡಲೇ ದೋಷ ತೋರಿಸುತ್ತದೆ. ಇಫ್ ಮತ್ತು ಎಂಡ್‌ಇಫ್ ನಡುವೆ ಬರೆದದ್ದನ್ನು ಆ ಚಿಕ್ಕ ರೂಪ ಓದದೆ ಹಾರಿಬಿಡುತ್ತದೆ. ಹಾಗಾಗಿ ದೊಡ್ಡ ವಿಮ್‌ಗೆ ಬೇಕಾದ್ದನ್ನೆಲ್ಲ ಆ ಎರಡರ ನಡುವೆ ಇಟ್ಟರೆ ಒಂದೇ ಫೈಲ್ ಎಲ್ಲ ಕಡೆ ನಡೆಯುತ್ತದೆ.

ವಿಮ್ ಮುಂದೆಯೂ ಇರುತ್ತದಾ ಅನ್ನುವ ಪ್ರಶ್ನೆ ಸಹಜ. 1991ರಲ್ಲಿ ಇದನ್ನು ಹೊರತಂದ ಬ್ರಾಮ್ ಮೂಲೆನಾರ್ 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅಂದು ನನಗೆ ಮನೆಯವರೊಬ್ಬರು ಹೋದಷ್ಟೇ ಬೇಸರವಾಯಿತು. ದುಡ್ಡು ಕೇಳದೆ ಕೊಟ್ಟು, ಇಷ್ಟವಾದರೆ ಉಗಾಂಡದ ಮಕ್ಕಳಿಗೆ ಸಹಾಯ ಮಾಡಿ ಅಂದವರು ಅವರು. ಖಾಲಿ ವಿಮ್ ತೆರೆದರೆ ಆ ಮಾತು ಇವತ್ತಿಗೂ ಕಾಣುತ್ತದೆ. ಕೆಲಸ ನಿಂತಿಲ್ಲ. 2024ರ ಜನವರಿಯಲ್ಲಿ ಬಂದ 9.1 ಆವೃತ್ತಿಯನ್ನು ಅವರಿಗೇ ಅರ್ಪಿಸಿದ್ದಾರೆ, ಆಮೇಲೂ ತಿದ್ದುಪಡಿಗಳು ಬರುತ್ತಲೇ ಇವೆ. 2014ರಲ್ಲಿ ವಿಮ್‌ನಿಂದಲೇ ಕವಲೊಡೆದ ನಿಯೋವಿಮ್ ಎಂಬ ಎಡಿಟರ್ ಕೂಡ ಇದೆ, ಕೋಡ್ ಬರೆಯುವ ಗೆಳೆಯರು ಅದನ್ನೇ ಮೆಚ್ಚುತ್ತಾರೆ. ನನ್ನ ಕೆಲಸಕ್ಕೆ ಇದೇ ಸಾಕು.

ಹೊಸಬರು ಬೇರೆಯವರ ನೂರಾರು ಸಾಲಿನ ವಿಮ್‌ಆರ್‌ಸಿ ತಂದು ಹಾಕಬೇಡಿ. ಮೊದಲು ವಿಮ್‌ಟ್ಯೂಟರ್ ಮುಗಿಸಿ, ಅರ್ಧ ಗಂಟೆಯ ಪಾಠ. ಆಮೇಲೆ ಮೇಲೆ ಹೇಳಿದ್ದರಲ್ಲಿ ಒಂದೊಂದನ್ನೇ ಫೈಲಿಗೆ ಬರೆಯದೆ ಪರೀಕ್ಷಿಸಿ. ಕೋಲನ್ ಒತ್ತಿ ಸೆಟ್ ಅಂತ ಬರೆದು ಹೆಸರು ಕೊಟ್ಟರೆ ಆ ಹೊತ್ತಿಗೆ ಮಾತ್ರ ಜಾರಿಯಾಗುತ್ತದೆ. ಹೆಸರಿನ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿದರೆ ಈಗ ಏನಿದೆ ಅಂತ ಹೇಳುತ್ತದೆ, ಆಂಪರ್‌ಸ್ಯಾಂಡ್ ಹಾಕಿದರೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಒಗ್ಗಿದ್ದನ್ನು ಮಾತ್ರ ವಿಮ್‌ಆರ್‌ಸಿಗೆ ಸೇರಿಸಿ, ಅದರ ಮೇಲೆ ಯಾಕೆ ಹಾಕಿದಿರಿ ಅಂತ ಒಂದು ಸಾಲು ಟಿಪ್ಪಣಿ ಬರೆದಿಡಿ. ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಬಹುದು, ವಿಮ್‌ಗೆ ಅದರಿಂದ ಏನೂ ತೊಂದರೆ ಇಲ್ಲ.