ಪಾರ್ಟಿಷನ್ ಮಾಡಿಸಬೇಕಾ, ಬೇಡವಾ? ಒಂದೇ ಕಂಪ್ಯೂಟರ್ ಮೂರು ಥರ ಇಟ್ಟು ನೋಡಿದ್ದು

2017ರಲ್ಲಿ ತಂದ ನಮ್ಮ ಮನೆಯ ಕಂಪ್ಯೂಟರನ್ನು ಇಲ್ಲಿಯವರೆಗೆ ಮೂರು ಥರ ಇಟ್ಟು ನೋಡಿದ್ದೇನೆ. ಪಾರ್ಟಿಷನ್ ಅಂದರೆ ಒಂದೇ ಡಿಸ್ಕಿಗೆ ಗೆರೆ ಹಾಕಿ ಸಿ, ಡಿ ಅಂತ ಬೇರೆ ಬೇರೆ ಪಾಲು ಮಾಡುವುದು. ಮೊದಲ ಎರಡು ವರ್ಷ ಪೂರ್ತಿ ಡಿಸ್ಕಿಗೆ ಒಂದೇ ಸಿ ಡ್ರೈವ್. ಆಮೇಲೆ ನಾಲ್ಕು ವರ್ಷ ಸಿ, ಡಿ, ಇ ಅಂತ ಮೂರು ಪಾಲು. 2023ರಿಂದ ವಿಂಡೋಸ್‌ಗೆ ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್), ಫೈಲ್‌ಗಳಿಗೆ ಬೇರೆ ಹಾರ್ಡ್ ಡಿಸ್ಕ್. ನಾನು ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಂಪ್ಯೂಟರ್ ನನ್ನ ಓದಿನ ವಿಷಯವಲ್ಲ. ಆದರೂ ಸ್ಟಾಫ್ ರೂಮಿನಲ್ಲಿ ಯಾರು ಹೊಸ ಕಂಪ್ಯೂಟರ್ ತಂದರೂ "ಅಕ್ಕೋರೆ, ಪಾರ್ಟಿಷನ್ ಮಾಡಸ್ಲೇನ್ರಿ, ಹಂಗೇ ಬಿಡ್ಲೇನ್ರಿ?" ಅಂತ ನನ್ನನ್ನೇ ಕೇಳುತ್ತಾರೆ. ಅವರಿಗೆ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಒಂದೇ ಸಿ ಇದ್ದ ಕಾಲ. ಬ್ರ್ಯಾಂಡೆಡ್ ಡೆಸ್ಕ್‌ಟಾಪ್, ವಿಂಡೋಸ್ 10, ಒಂದು ಟಿಬಿ ಹಾರ್ಡ್ ಡಿಸ್ಕ್. ತೆರೆದು ನೋಡಿದರೆ 931 ಜಿಬಿ ಮಾತ್ರ ತೋರಿಸಿತು. ನಮ್ಮ ಯಜಮಾನರು ಅಂಗಡಿಗೆ ಫೋನ್ ಮಾಡಿ ಜಗಳವಾಡುವುದೊಂದೇ ಬಾಕಿ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ವ್ಯತ್ಯಾಸ ಅಷ್ಟೇ, ಯಾರೂ ಏನೂ ಕದ್ದಿರುವುದಿಲ್ಲ.

ದಿನದ ಬಳಕೆಗೆ ಇದರಷ್ಟು ಆರಾಮ ಬೇರೆ ಇಲ್ಲ. ಜಾಗ ಎಲ್ಲಿದೆ ಅಂತ ಯೋಚಿಸುವುದೇ ಬೇಕಿರಲಿಲ್ಲ. ಇಷ್ಟು ದೊಡ್ಡ ವಿಡಿಯೋ ಫೋಲ್ಡರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತಿತ್ತು. ಒಂದೇ ಪಾರ್ಟಿಷನ್ ಒಳಗೆ ಫೈಲ್ ಕದಲುವುದೇ ಇಲ್ಲ, ಅದರ ವಿಳಾಸ ಮಾತ್ರ ಬದಲಾಗುತ್ತದೆ. ಮುಂದೆ ಡಿ, ಇ ಆದಮೇಲೆ ಅದೇ ಫೋಲ್ಡರ್ ಸರಿಸಲು ಕೂತು ಕಾಯಬೇಕಾಯ್ತು. ಬೇರೆ ಪಾರ್ಟಿಷನ್‌ಗೆ ಹೋಗುವಾಗ ಪೂರ್ತಿ ಫೈಲ್ ಮತ್ತೆ ಬರೆಯಬೇಕು. ಡಿಸ್ಕ್ ಒಂದೇ ಆದ್ದರಿಂದ ಓದುವ ಮುಳ್ಳು ಅತ್ತಿಂದಿತ್ತ ಓಡಾಡುತ್ತಲೇ ಇರುತ್ತದೆ.

ತೊಂದರೆ ಶುರುವಾಗಿದ್ದು 2019ರ ಮೇ ತಿಂಗಳಲ್ಲಿ. ನಮ್ಮ ಕಡೆ ಬೇಸಿಗೆ ಅಂದರೆ ಗೊತ್ತಲ್ವಾ, ಮಧ್ಯಾಹ್ನ 43, 44 ಡಿಗ್ರಿ. ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅನ್ನುವುದು ಅದಕ್ಕೇ ಗೊತ್ತು. ಅಪ್‌ಡೇಟ್ ನಡೆಯುತ್ತಿದ್ದಾಗ ಕರೆಂಟ್ ಹೋಯ್ತು, ಆಮೇಲೆ ವಿಂಡೋಸ್ ಏಳಲೇ ಇಲ್ಲ. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗೆ ಒಯ್ದೆವು. ಫಾರ್ಮ್ಯಾಟ್ ಮಾಡಬೇಕು, ಅಂದರೆ ಸಿ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು ಅಂದರು. ಆದರೆ ಫೋಟೋ, ಪ್ರಶ್ನೆ ಪತ್ರಿಕೆ, ಹೊಲದ ಪಹಣಿಗಳ ಸ್ಕ್ಯಾನ್, ಎಲ್ಲಾ ಆ ಒಂದೇ ಸಿ ಒಳಗೆ. ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ, 300 ಜಿಬಿಗೂ ಜಾಸ್ತಿ ಮೊದಲು ಹೊರಗೆ ತೆಗೆಯಬೇಕಾಯ್ತು. ಬೆಳಗ್ಗೆ ಹೋದವರು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಏನೂ ಕಳೆಯಲಿಲ್ಲ. ಆದರೆ ಇಡೀ ದಿನ ಎದೆ ಹೊಡೆದುಕೊಳ್ಳುತ್ತಿತ್ತು.

ಹಂಗಾಗಿ ಎರಡನೇ ಸಲ ನಾನೇ ಹೇಳಿ ಪಾಲು ಮಾಡಿಸಿದೆ. ಸಿ 100 ಜಿಬಿ, ಡಿ 400, ಉಳಿದದ್ದು ಇ. "ಸಿ ಗೆ ನೂರು ಸಾಕ್ರಿ ಅಕ್ಕೋರೆ, ಬರೀ ವಿಂಡೋಸ್ ಇರ್ತದ" ಅಂದ ಅಂಗಡಿಯ ಹುಡುಗ. ನನಗೂ ಸರಿ ಅನ್ನಿಸಿತು. ಡಿ ನನ್ನ ಶಾಲೆಯ ಕೆಲಸಕ್ಕೆ, ಇ ಮನೆಯ ಫೋಟೋ ಮತ್ತು ಮಗಳ ಓದಿಗೆ. ನೋಡಲು ತುಂಬಾ ಚೆಂದ ಇತ್ತು. ಅಡುಗೆಮನೆಯ ಡಬ್ಬಿಗಳ ಹಾಗೆ ಯಾವುದು ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಹುದಿತ್ತು.

ಒಂದೇ ವರ್ಷದಲ್ಲಿ ಸಿ ತುಂಬಿತು. ಮೈ ಕಂಪ್ಯೂಟರ್ ತೆರೆದರೆ ಸಿ ಮುಂದಿನ ಪಟ್ಟಿ ಕೆಂಪಗೆ. ಹತ್ತು ಪರ್ಸೆಂಟ್‌ಗಿಂತ ಕಡಿಮೆ ಉಳಿದರೆ ಅದು ಹಾಗೆ ಕೆಂಪಾಗುತ್ತದೆ. ನಾನು ಸಿ ಒಳಗೆ ಒಂದು ಫೈಲೂ ಇಟ್ಟಿರಲಿಲ್ಲ. ಮತ್ತೆ ತುಂಬಿದ್ದು ಹೇಗೆ? ಹುಡುಕುತ್ತಾ ಹೋದಾಗ ಗೊತ್ತಾಯ್ತು. ವಿಂಡೋಸ್ ಅಪ್‌ಡೇಟ್‌ಗಳು ಅಲ್ಲೇ. ಕ್ರೋಮ್, ವಾಟ್ಸ್ಆ್ಯಪ್ ತಮ್ಮ ಸಾಮಾನು ಇಡುವ ಆ್ಯಪ್‌ಡೇಟಾ ಫೋಲ್ಡರ್ ಅಲ್ಲೇ. ಡೌನ್‌ಲೋಡ್ಸ್ ಅಲ್ಲೇ. ಡೆಸ್ಕ್‌ಟಾಪ್ ಕೂಡ ಅಲ್ಲೇ. 2020ರಲ್ಲಿ ಆನ್‌ಲೈನ್ ಪಾಠಕ್ಕೆ ಮಾಡಿದ ವಿಡಿಯೋಗಳನ್ನು ಫೋನಿನಿಂದ ಡೆಸ್ಕ್‌ಟಾಪ್‌ಗೆ ಹಾಕುತ್ತಾ ಬಂದಿದ್ದೆ. ಅದೂ ಸಿ ಅನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ.

ಇ ಒಳಗೆ ಇನ್ನೂ 300 ಜಿಬಿ ಖಾಲಿ ಬಿದ್ದಿತ್ತು. ಅದರಿಂದ ನೂರು ತೆಗೆದು ಸಿ ಗೆ ಕೊಡೋಣ ಅಂತ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ಇ ಯನ್ನು ಶ್ರಿಂಕ್ ಮಾಡಿದೆ (ಕುಗ್ಗಿಸಿದೆ), ಖಾಲಿ ಜಾಗ ಕಪ್ಪು ಪಟ್ಟಿಯಲ್ಲಿ ಬಂತು. ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಟೆಂಡ್ ವಾಲ್ಯೂಮ್ ಅನ್ನುವುದು ಮಸುಕಾಗಿ ಕೂತಿತ್ತು, ಒತ್ತಿದರೂ ಒತ್ತಿಸಿಕೊಳ್ಳಲಿಲ್ಲ. ಆ ಖಾಲಿ ಜಾಗ ಸಿ ಯ ಬಲಕ್ಕೆ ತಾಗಿಯೇ ಇರಬೇಕಂತೆ. ನಡುವೆ ಡಿ ಇತ್ತು. ನಮ್ಮ ಮಾವನವರಿಗೆ ಇದನ್ನು ವಿವರಿಸಿದಾಗ ತಕ್ಷಣ ಅರ್ಥವಾಯ್ತು. "ನಡುವ ತಮ್ಮನ ಹೊಲ ಇದ್ರ ಒಡ್ಡು ಹೆಂಗ ಒಡಿತೀರವ್ವ" ಅಂದರು. ಕೊನೆಗೆ ಒಂದು ಭಾನುವಾರ ಪೂರ್ತಿ ಕೂತು, ಡಿ ಯಲ್ಲಿದ್ದದ್ದನ್ನು ಇ ಗೆ ಮತ್ತು ಹೊರಗಿನ ಡಿಸ್ಕಿಗೆ ಸರಿಸಿ, ಡಿ ಯನ್ನು ಅಳಿಸಿ, ಸಿ ಯನ್ನು 220 ಮಾಡಿ, ಡಿ ಮತ್ತೆ ಮಾಡಿದೆ. ಮೂರು ಪಾಲಿನ ವ್ಯವಸ್ಥೆಗೆ ನಾನು ಕಡಿಮೆ ಅಂಕ ಕೊಡುವುದು ಇದಕ್ಕೇ. ಮೊದಲ ದಿನ ಅಂದಾಜಿನಲ್ಲಿ ಹಾಕಿದ ಗೆರೆ ವರ್ಷಗಟ್ಟಲೆ ಕಾಡುತ್ತದೆ.

ಹಾಗಂತ ಅದು ನನ್ನನ್ನು ಕಾಪಾಡಲಿಲ್ಲ ಅಂತ ಹೇಳಲಾರೆ. 2022ರಲ್ಲಿ ಝೆರಾಕ್ಸ್ ಅಂಗಡಿಯೊಂದಕ್ಕೆ ಹೋಗಿ ಬಂದ ಪೆನ್ ಡ್ರೈವ್‌ನಿಂದ ವೈರಸ್ ಬಂತು. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತವು. ಮತ್ತೆ ಫಾರ್ಮ್ಯಾಟ್. ಈ ಸಲ ಅಂಗಡಿಯ ಹುಡುಗ ಕೇಳಿದ್ದು ಒಂದೇ ಮಾತು.

"ಅಕ್ಕೋರೆ, ಸಿ ಒಳಗ ಏನರ ಇಟ್ಟೀರೇನ್ರಿ?"

"ಏನೂ ಇಲ್ಲಪ್ಪ. ಎಲ್ಲಾ ಡಿ, ಇ ಒಳಗ ಅದ."

ಒಂದೂವರೆ ತಾಸಿನಲ್ಲಿ ಕಂಪ್ಯೂಟರ್ ಕೈಗೆ ಬಂತು. ಡಿ ಇತ್ತು, ಇ ಇತ್ತು. ಖುಷಿಯಿಂದ ಮನೆಗೆ ಬಂದು ಆನ್ ಮಾಡಿದರೆ ಡೆಸ್ಕ್‌ಟಾಪ್ ಖಾಲಿ. ನೀಲಿ ಕಿಟಕಿಯ ಚಿತ್ರ, ರೀಸೈಕಲ್ ಬಿನ್, ಅಷ್ಟೇ. ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಮಾಡಿದ್ದ ಪಾಸಿಂಗ್ ಪ್ಯಾಕೇಜ್ ಅಲ್ಲೇ ಎಡಗಡೆ ಮೇಲೆ ಇತ್ತು. ದಿನಾ ಬೇಕಾಗುತ್ತದೆ ಅಂತ ಕಣ್ಣೆದುರು ಇಟ್ಟುಕೊಂಡಿದ್ದೆ. 38 ಪುಟ, ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಕೂತು ಟೈಪ್ ಮಾಡಿದ್ದು, ನಕ್ಷೆಗಳ ಸಮೇತ. ಹಿಂದಿನ ವರ್ಷದ ಡಿಸೆಂಬರ್‌ನಲ್ಲಿ ಓದಿನಲ್ಲಿ ಹಿಂದಿದ್ದ ಹನ್ನೊಂದು ಮಕ್ಕಳಿಗಾಗಿ ರಾತ್ರಿ ರಾತ್ರಿ ಮಾಡಿದ್ದು. ಒಂದು ಪ್ರಿಂಟ್ ಒಬ್ಬ ಹುಡುಗಿಯ ಹತ್ತಿರ ಉಳಿದಿತ್ತು. ಅವಳ ಮನೆಗೆ ಹೋಗಿ ತಂದು, ಮೊದಲ ಪುಟದಿಂದ ಮತ್ತೆ ಟೈಪ್ ಮಾಡಿದೆ. ತಪ್ಪು ಅಂಗಡಿಯವನದಲ್ಲ. ಅವನು ಕೇಳಿದ್ದ, ಡೆಸ್ಕ್‌ಟಾಪ್ ಸಿ ಒಳಗೇ ಅನ್ನುವುದನ್ನು ಮರೆತು ನಾನೇ ಇಲ್ಲ ಅಂದಿದ್ದೆ.

ಆದ್ದರಿಂದ ಪಾರ್ಟಿಷನ್ ಮಾಡಿಸುವವರು ಇದೊಂದನ್ನು ಖಂಡಿತ ಮಾಡಿ. ಯೂಸರ್ ಫೋಲ್ಡರ್ ಒಳಗೆ ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್. ಅಲ್ಲಿ ಡಿ ಒಳಗಿನ ಒಂದು ಹೊಸ ಫೋಲ್ಡರ್ ತೋರಿಸಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್‌ಗೂ ಅದೇ ಥರ. ಐದು ನಿಮಿಷದ ಕೆಲಸ. ಇದನ್ನು ಮಾಡದೆ ಡಿ ಮಾಡಿಸಿದರೆ ಅರ್ಧ ಕೆಲಸ ಆದಂಗೆ.

ಇನ್ನೊಂದು ಮಾತು. ವೈರಸ್‌ಗೆ ಪಾರ್ಟಿಷನ್ ಅಡ್ಡಿಯೇ ಅಲ್ಲ. ಸಿ ಫಾರ್ಮ್ಯಾಟ್ ಆದರೂ ಡಿ ಒಳಗೆ ಅದು ಉಳಿದಿತ್ತು. ಸ್ಕ್ಯಾನ್ ಮಾಡದೆ ಡಿ ತೆರೆದಿದ್ದರೆ ಮತ್ತೆ ಮೊದಲಿನ ಕಥೆಯೇ.

2023ರ ಬೇಸಿಗೆಯಲ್ಲಿ ಡಿಸ್ಕೇ ಕೈ ಕೊಡಲು ಶುರು ಮಾಡಿತು. ಫೋಟೋ ತೆರೆದರೆ ಅರ್ಧ ಬಂದು ನಿಲ್ಲುವುದು, ಒಳಗಿನಿಂದ ಟಿಕ್ ಟಿಕ್ ಸದ್ದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿದೆ. ಹಳದಿ ಬಣ್ಣದಲ್ಲಿ "ಕಾಷನ್" ಅಂತ ತೋರಿಸಿತು. ಶಹಾಬಾದ್ ಕಲ್ಲಿನ ನಮ್ಮ ಕೋಣೆಯಲ್ಲಿ ಆ ಮಧ್ಯಾಹ್ನ ಡಿಸ್ಕಿನ ಶಾಖ 54 ಡಿಗ್ರಿ. ಸಿ, ಡಿ, ಇ ಮೂರೂ ಒಟ್ಟಿಗೇ ನಿಧಾನವಾದವು. ಯಾಕಂದರೆ ಮೂರೂ ಅದೇ ತಟ್ಟೆಗಳ ಮೇಲೆ ಬರೆದದ್ದು. ಪಾರ್ಟಿಷನ್ ನಮ್ಮ ಫೈಲನ್ನು ಫಾರ್ಮ್ಯಾಟ್ ಮಾಡುವ ಕೈಯಿಂದ ಕಾಯುತ್ತದೆ, ಡಿಸ್ಕೇ ಸತ್ತರೆ ಅದರಿಂದ ಏನೂ ಉಪಯೋಗವಿಲ್ಲ. ಡಿ ಯಲ್ಲಿರುವುದನ್ನು ಇ ಯಲ್ಲಿ ಕಾಪಿ ಇಟ್ಟು "ಬ್ಯಾಕಪ್ ಅದ" ಅಂತ ನೆಮ್ಮದಿಯಾಗಿರುವವರನ್ನು ನೋಡಿದಾಗ ನನಗೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತದೆ. ನಾನೂ ಹಾಗೇ ಇದ್ದೆ. ಹೊರಗಿನ ಡಿಸ್ಕಿಗೆ ರಾತ್ರಿಯಿಡೀ ಫ್ಯಾನ್ ಹಚ್ಚಿಟ್ಟು ಕಾಪಿ ಮಾಡಿದ್ದರಿಂದ ಹೆಚ್ಚುಕಡಿಮೆ ಎಲ್ಲಾ ಉಳಿಯಿತು.

ಮೂರನೇ ವ್ಯವಸ್ಥೆ ಆಗ ಹುಟ್ಟಿದ್ದು. 500 ಜಿಬಿ ಎಸ್‌ಎಸ್‌ಡಿ, ಅದು ಪೂರ್ತಿ ಸಿ. ಹೊಸ ಒಂದು ಟಿಬಿ ಹಾರ್ಡ್ ಡಿಸ್ಕ್, ಅದು ಪೂರ್ತಿ ಡಿ. ಎರಡರಲ್ಲೂ ಒಂದು ಗೆರೆಯೂ ಇಲ್ಲ. ಮೊದಲು ಸ್ವಿಚ್ ಹಾಕಿ ಚಹಾ ಸೋಸಿಕೊಂಡು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಈಗ ಕುರ್ಚಿ ಎಳೆದು ಕೂರುವಷ್ಟರಲ್ಲಿ ತಯಾರು. ಫಾರ್ಮ್ಯಾಟ್ ಬಂದರೆ ಡಿ ಕೇಬಲ್ ಬಿಚ್ಚಿಟ್ಟೇ ಕೊಡಬಹುದು, ತಪ್ಪಿ ಅಳಿಸುವ ಭಯವೇ ಇಲ್ಲ. ಮೂರರಲ್ಲಿ ನನ್ನ ಮನಸ್ಸು ಇದರ ಮೇಲೇ. ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇದ್ದು, ಖರ್ಚು ಮಾಡಲು ಆಗುವುದಾದರೆ ಪಾರ್ಟಿಷನ್ ಚಿಂತೆ ಬಿಟ್ಟು ಒಂದು ಎಸ್‌ಎಸ್‌ಡಿ ಹಾಕಿಸಿ. ಹೊರಗಿನ ಡಿಸ್ಕಿಗೆ ತಿಂಗಳಿಗೊಮ್ಮೆ ಕಾಪಿ ಮಾಡುವುದನ್ನು ಮಾತ್ರ ಇದರಲ್ಲೂ ಬಿಡಬಾರದು. ಎಸ್‌ಎಸ್‌ಡಿ ಹೋಗುವಾಗ ಟಿಕ್ ಟಿಕ್ ಅಂತ ಹೇಳಿ ಹೋಗುವುದಿಲ್ಲ.

ಈ ನಡುವೆ ಒಮ್ಮೆ ಮಾತ್ರ ಖುಷಿಯಿಂದ ಪಾರ್ಟಿಷನ್ ಮಾಡಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ನಮ್ಮದು ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್, ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಎಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ಉಬುಂಟು ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕೋಣ ಅಂದ. ಎರಡು ಆಪರೇಟಿಂಗ್ ಸಿಸ್ಟಮ್ ಒಂದೇ ಡಿಸ್ಕಿನಲ್ಲಿ ಇರಬೇಕಾದರೆ ಪಾಲು ಮಾಡಲೇಬೇಕು. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ (ಬೇಗ ಏಳಲೆಂದು ವಿಂಡೋಸ್ ಪೂರ್ತಿ ಮುಚ್ಚದೆ ಇರುವ ವ್ಯವಸ್ಥೆ) ಆಫ್ ಮಾಡಿ, ಸಿ ಯಿಂದ 80 ಜಿಬಿ ಬಿಡಿಸಿಕೊಟ್ಟೆವು. ಈಗ ಬ್ಯಾಂಕ್ ಕೆಲಸ, ಇಂಟರ್ನೆಟ್ ಎಲ್ಲಾ ಉಬುಂಟುವಿನಲ್ಲಿ, ನುಡಿ ಟೈಪಿಂಗ್ ವಿಂಡೋಸ್‌ನಲ್ಲಿ.

ಮಗಳ ಲ್ಯಾಪ್‌ಟಾಪ್‌ದು ಬೇರೆ ಲೆಕ್ಕ. 512 ಜಿಬಿಯ ಒಂದೇ ಎಸ್‌ಎಸ್‌ಡಿ, ವಿಂಡೋಸ್‌ನಲ್ಲಿ 476 ಅಂತ ತೋರಿಸುತ್ತದೆ. ಅದನ್ನು ಕತ್ತರಿಸಲು ಹೋಗಲಿಲ್ಲ. ಅಷ್ಟು ಜಾಗದಲ್ಲಿ ಎರಡು ಮಾಡಿದರೆ ಒಂದು ತುಂಬಿ ಇನ್ನೊಂದು ಖಾಲಿ ಇರುವುದು ಗ್ಯಾರಂಟಿ. ವಿಂಡೋಸ್ ಕೆಟ್ಟರೆ "ರೀಸೆಟ್ ದಿಸ್ ಪಿಸಿ" ಒಳಗೆ ಫೈಲ್ ಉಳಿಸಿಕೊಂಡು ರೀಸೆಟ್ ಮಾಡುವ ಆಯ್ಕೆ ಇದೆ. 256 ಜಿಬಿಯ ಲ್ಯಾಪ್‌ಟಾಪ್ ಆದರಂತೂ ಪಾರ್ಟಿಷನ್ ಮಾತೇ ಬೇಡ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದೂ (ಕೀ ಇಲ್ಲದೆ ಓದಲಾಗದಂತೆ ಬೀಗ ಹಾಕಿರುವುದೂ) ಉಂಟು. ಅಂಗಡಿಗೆ ಕೊಡುವ ಮುಂಚೆ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುವ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಮಗಳದನ್ನು ನಾನು ಅವಳ ಮಾರ್ಕ್ಸ್ ಕಾರ್ಡ್ ಫೈಲಿನಲ್ಲೇ ಇಟ್ಟಿದ್ದೇನೆ.

ಹಾಗಾದರೆ ಪಾರ್ಟಿಷನ್ ಯಾರಿಗೆ ಬೇಕು? ಮನೆಮಂದಿಯೆಲ್ಲ ಬಳಸುವ ಡೆಸ್ಕ್‌ಟಾಪ್, ಒಂದು ಟಿಬಿಯ ಒಂದೇ ಡಿಸ್ಕ್, ಕೆಟ್ಟರೆ ಅಂಗಡಿಗೇ ಒಯ್ಯುವವರು. ಇವರಿಗೆ ಬೇಕು. ಆದರೆ ಒಂದೇ ಗೆರೆ, ಸಿ ಮತ್ತು ಡಿ. ಇ, ಎಫ್ ಬೇಡ, ಫೋಲ್ಡರ್ ಸಾಕು. ಸಿ ಗೆ 250ರಿಂದ 300 ಜಿಬಿ ಕೈ ಬಿಚ್ಚಿ ಕೊಡಿ.

ಹೋದ ವಾರ ನಮ್ಮ ಶಾಲೆಯ ಹಿಂದಿ ಟೀಚರ್ ಮನೆಯಲ್ಲಿ ಹೀಗೇ ಮಾಡಿಕೊಟ್ಟೆ. ಮೊದಲು ಅವರ ಫೈಲ್‌ಗಳನ್ನು ಹೊರಗಿನ ಡಿಸ್ಕಿಗೆ ತೆಗೆದೆವು. ಕರೆಂಟ್ ಹೋಗದ ಹೊತ್ತು ಅಂತ ಬೆಳಗ್ಗೆ ಆರಕ್ಕೇ ಹೋಗಿದ್ದೆ, ಯುಪಿಎಸ್ ಕೂಡ ಇತ್ತು. ಗೆರೆ ಸರಿಯುವಾಗ ಕರೆಂಟ್ ಹೋದರೆ ಎರಡೂ ಕಡೆಯದು ಹೋಗಬಹುದು. 931ರಲ್ಲಿ ಸಿ 300 ಉಳಿಸಬೇಕಿತ್ತು. ಅವರು ಶ್ರಿಂಕ್ ಕಿಟಕಿಯಲ್ಲಿ 300 ಅಂತ ಹೊಡೆಯಲು ಹೊರಟರು. ಅಲ್ಲಿ ಕೇಳುವುದು ಎಷ್ಟು ಕತ್ತರಿಸಬೇಕು ಅಂತ, ಅದೂ ಎಂಬಿ ಲೆಕ್ಕದಲ್ಲಿ. 631ನ್ನು 1024ರಿಂದ ಗುಣಿಸಿ 646144 ಅಂತ ಹಾಕಬೇಕು. ಆದರೆ ವಿಂಡೋಸ್ ಅದರ ಅರ್ಧದಷ್ಟೂ ಬಿಡಲು ಒಪ್ಪಲಿಲ್ಲ. ಕದಲಿಸಲಾಗದ ಸಿಸ್ಟಮ್ ಫೈಲ್ ನಡುವೆ ಕೂತಿದ್ದರೆ ಹೀಗಾಗುತ್ತದೆ. ಹೈಬರ್ನೇಶನ್ (ತೆರೆದ ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಮಲಗುವುದು) ಆಫ್ ಮಾಡಿ, ಪೇಜಿಂಗ್ ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಜಾಗ) ತಾತ್ಕಾಲಿಕವಾಗಿ ತೆಗೆದು, ರೀಸ್ಟಾರ್ಟ್ ಮಾಡಿದ ಮೇಲೆ ದಾರಿ ಬಿಟ್ಟಿತು. ಡಿ ಬಂದ ಮೇಲೆ ಪೇಜಿಂಗ್ ಫೈಲ್ ಮತ್ತೆ ಹಾಕಿದೆ. ಆಮೇಲೆ ಅವರ ಡೆಸ್ಕ್‌ಟಾಪ್ ಫೋಲ್ಡರನ್ನು ಅವರ ಕೈಯಿಂದಲೇ ಡಿ ಗೆ ಸರಿಸಿದೆವು. ಅಷ್ಟರಲ್ಲಿ ಏಳೂವರೆ. ಅವರ ಮನೆಯ ಬಿಸಿ ಸೂಸಲಾ ತಿಂದು ಇಬ್ಬರೂ ಒಟ್ಟಿಗೇ ಶಾಲೆಗೆ ಹೊರಟೆವು.